ಲಿಥಿಯಂ ಮಾತ್ರೆ ಮತ್ತು ಸಿರುಗುಪ್ಪದ ಬಿಸಿಲು

ಬಿಸಿಲಲ್ಲಿ ದುಡಿಯುವ ಮನುಷ್ಯನಿಗೆ ಲಿಥಿಯಂ ಮಾತ್ರೆ, ಅಂದರೆ ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆಯ ಔಷಧಿ, ಬರೆದುಕೊಡುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹಗಲು ಎಲ್ಲಿರುತ್ತೀರಿ, ಏನು ಕೆಲಸ ಮಾಡುತ್ತೀರಿ? ನನ್ನ ತಮ್ಮನನ್ನು ಬಹಳ ಕಾಲ ಯಾರೂ ಇದನ್ನು ಕೇಳಲಿಲ್ಲ. ಅದರಿಂದ ಅವನ ಜೀವಕ್ಕೇ ಕುತ್ತು ಬಂದಿತ್ತು. ಕೇಳಿದ ಮೇಲೆ ಅದೇ ಮಾತ್ರೆಯಿಂದ ಅವನು ಇಂದು ನೆಟ್ಟಗೆ ದುಡಿದು ತಿನ್ನುತ್ತಿದ್ದಾನೆ. ನಡೆದದ್ದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯ ಮನೆಗಳಲ್ಲಿ ಇದೇ ಮಾತ್ರೆಯ ಚೀಟಿ ಹಿಡಿದು ದಿಕ್ಕು ತೋಚದೆ ಕುಳಿತವರು ಇದ್ದೇ ಇರುತ್ತಾರೆ. ಅವರಿಗೆ ಇದು ತಲುಪಬೇಕು.

ನಾವು ಸಿರುಗುಪ್ಪ ತಾಲ್ಲೂಕಿನವರು, ಮಾದಿಗ ಸಮುದಾಯದವರು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ತಮ್ಮ ರೈಸ್ ಮಿಲ್ಲಿನಲ್ಲಿ ಹಮಾಲಿ. ತುಂಗಭದ್ರಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಎತ್ತ ನೋಡಿದರೂ ಭತ್ತ. ಸುಗ್ಗಿಯಲ್ಲಿ ಮಿಲ್ಲುಗಳ ಮುಂದೆ ಹಗಲುರಾತ್ರಿ ಲಾರಿಗಳು ನಿಂತಿರುತ್ತವೆ, ಹಮಾಲರಿಗೆ ಕೂರಲು ಬಿಡುವಿರುವುದಿಲ್ಲ.

ಅಂಥ ಒಂದು ಸುಗ್ಗಿಯಲ್ಲಿ ಅವನಿಗೆ ನಿದ್ದೆ ಬಿಟ್ಟುಹೋಯಿತು. ರಾತ್ರಿಯೆಲ್ಲ ಎದ್ದಿದ್ದರೂ ಬೆಳಿಗ್ಗೆ ದಣಿವಿಲ್ಲ. ಮಾತು ನಿಲ್ಲುತ್ತಿರಲಿಲ್ಲ, ಒಂದು ಮಾತು ಮುಗಿಯುವ ಮುನ್ನ ಇನ್ನೊಂದು ಶುರುವಾಗುತ್ತಿತ್ತು. ಮಿಲ್ಲು ತನ್ನ ಹೆಸರಿಗೆ ಬರೆದಾಗಿದೆ ಎಂದ. ಕೈಯಲ್ಲಿದ್ದ ಕೂಲಿಯ ದುಡ್ಡನ್ನೆಲ್ಲ ಜೊತೆಯವರಿಗೆ ಹಂಚಿಬಿಟ್ಟ. ಕೊನೆಗೊಂದು ಸಂಜೆ ಬಸ್ ನಿಲ್ದಾಣದಲ್ಲಿ ಜೋರು ದನಿಯಲ್ಲಿ ಹಾಡುತ್ತ, ತಡೆದವರೊಂದಿಗೆ ಜಗಳಕ್ಕೆ ನಿಂತಾಗ ಪೊಲೀಸರು ಹಿಡಿದು ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ತಂದು ಬಿಟ್ಟರು.

ತಮ್ಮ ಹೆಂಡ ಮುಟ್ಟುವವನಲ್ಲ. ನಮ್ಮ ಅಪ್ಪ ಕುಡಿದು ತೀರಿಕೊಂಡದ್ದನ್ನು ಕಂಡು ಬೆಳೆದವನು. ನಾನು ಓಡಿಹೋಗುವ ಹೊತ್ತಿಗೆ ಅವನ ಎರಡೂ ಮುಂಗೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. “ಸರ್, ಇವನು ಕುಡಿಯುವುದಿಲ್ಲ. ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿ” ಎಂದೆ. ವೈದ್ಯರು ಅವನ ಊರು ಕೇಳಿದರು, ಕೆಲಸ ಕೇಳಿದರು. ಹಮಾಲಿ ಎಂದ ಕೂಡಲೇ ಅವರ ಪ್ರಶ್ನೆಗಳು ಮುಗಿದವು. “ಇವರೆಲ್ಲ ಮನೆಯಲ್ಲಿ ಹೇಳಿ ಕುಡಿಯುತ್ತಾರೇನಮ್ಮ?” ಎಂದು ಚೀಟಿಯ ಮೇಲೆ ಮದ್ಯದ ಅಮಲು ಎಂದು ಬರೆದರು. ಮಲಗುವ ಇಂಜೆಕ್ಷನ್ ಕೊಟ್ಟು ಬೆಳಿಗ್ಗೆ ಮನೆಗೆ ಕಳಿಸಿದರು. ರಕ್ತ ಪರೀಕ್ಷೆ ಇರಲಿ, ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದೂ ಯಾರೂ ವಿಚಾರಿಸಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಕಟ್ಟುವುದಾದರೆ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಒಪ್ಪಿಗೆ ಇರಬೇಕು, ಕಾರಣ ದಾಖಲಾಗಬೇಕು. ಆ ಚೀಟಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಇಂಥ ಕಥನಗಳಲ್ಲಿ ದೇವರು, ಗಾಳಿ, ಮಾಟಗಳ ಮೇಲೆ ಹೊರೆ ಹಾಕುವುದು ರೂಢಿ. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತದ್ದು ನಿಜ. ಹರಕೆ ಹೊತ್ತ ಮರುದಿನವೇ ಅವನ ಕೈ ಹಿಡಿದು ಆಸ್ಪತ್ರೆಗೆ ಹೊರಟವಳೂ ಅವಳೇ. ನಮ್ಮ ದಾರಿಗೆ ಅಡ್ಡ ಬಂದದ್ದು ದೇವರಲ್ಲ, ಆಸ್ಪತ್ರೆಯ ಒಳಗೆ ನಮ್ಮ ಬಗ್ಗೆ ಮೊದಲೇ ಮಾಡಿಕೊಂಡಿದ್ದ ತೀರ್ಮಾನ.

ಎರಡನೆಯ ಕಡೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ್ದನ್ನು ನಿಜವೆಂದು ನಂಬಿಸುವ, ಇಲ್ಲದ ದನಿ ಕೇಳಿಸುವ ಕಾಯಿಲೆ ಎಂದರು. ಮಿಲ್ಲು ತನ್ನದು ಎನ್ನುತ್ತಾನೆ, ದೇವಿ ತನ್ನೊಡನೆ ಮಾತಾಡುತ್ತಾಳೆ ಎನ್ನುತ್ತಾನೆ, ಅಷ್ಟು ಸಾಕಾಯಿತು. ಕೊಟ್ಟ ಮಾತ್ರೆಗಳಿಂದ ಅವನ ಗಲಾಟೆ ನಿಂತಿತು, ಜೊತೆಗೆ ಕೈಕಾಲೂ ಬಿಗಿದುಕೊಂಡವು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಚೀಲ ಎತ್ತುವುದಿರಲಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಕೂಲಿಯಿಲ್ಲದೆ ಒಂದು ಹಂಗಾಮು ಹಾಗೆಯೇ ಕಳೆಯಿತು.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆಂದು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಹೇಳಿದಳು. ಅಲ್ಲಿ ಸಿಕ್ಕ ವೈದ್ಯರು ತಮ್ಮನನ್ನು ಬದಿಯಲ್ಲಿ ಕೂರಿಸಿಕೊಂಡು ಮೊದಲು ಅವ್ವನನ್ನು ಮಾತಾಡಿಸಿದರು. “ಇದಕ್ಕೂ ಮುಂಚೆ ಯಾವತ್ತಾದರೂ ಮಂಕಾಗಿ ಮಲಗಿದ್ದನೇನಮ್ಮ?” ಎಂದು ಕೇಳಿದರು. ಅವ್ವನಿಗೆ ಎಲ್ಲ ನೆನಪಿತ್ತು. ಹಿಂದಿನ ವರ್ಷ ದಸರೆಯ ಮುಂಚೆ ಅವನು ಗೋಡೆಯ ಕಡೆ ಮುಖ ಮಾಡಿ ವಾರಗಟ್ಟಲೆ ಮಲಗಿದ್ದು, ರೊಟ್ಟಿ ಮುಟ್ಟದೆ ಇದ್ದದ್ದು, ತಾನು ಯಾರಿಗೂ ಬೇಡವಾದವನು ಎಂದದ್ದು, ಆಮೇಲೆ ತಾನಾಗಿ ಎದ್ದು ಕೆಲಸಕ್ಕೆ ಹೋದದ್ದು. ನಮ್ಮ ಚಿಕ್ಕಪ್ಪನೂ ಹೀಗೆಯೇ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದ ಎಂಬುದೂ ಆಗ ಮಾತಿಗೆ ಬಂತು. ಇದು ಬೈಪೋಲಾರ್ ಕಾಯಿಲೆ ಇದ್ದಂತಿದೆ, ಔಷಧಿಯನ್ನೇ ಬದಲಿಸಬೇಕು ಎಂದರು. ಮನೆಯವರ ಬಾಯಿಂದ ಹಿಂದಿನ ಕಥೆ ಕೇಳಲು ಅವರಿಗೆ ಹಿಡಿದದ್ದು ಅರ್ಧ ಗಂಟೆಯೂ ಇಲ್ಲ.

ಆ ದಿನಗಳಲ್ಲಿ ನಾನು ರಾತ್ರಿ ಕುಳಿತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಕಪ್ಪು ಜನರಿಗೆ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಬೀಳುತ್ತದೆ. ಅವರಲ್ಲಿರುವ ಖಿನ್ನತೆ, ಬೈಪೋಲಾರ್‌ನಂಥ ಮನಃಸ್ಥಿತಿಯ ಕಾಯಿಲೆಗಳನ್ನು ವೈದ್ಯರು ಗಮನಿಸದೆ ಹೋಗುತ್ತಾರೆ ಎಂದು ದಶಕಗಳ ಅಧ್ಯಯನಗಳು ತೋರಿಸಿವೆ. ಅದಕ್ಕೂ ಹಿಂದೆ, 1851ರಲ್ಲಿ, ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಒಡೆಯರ ಮನೆಯಿಂದ ಗುಲಾಮರು ಓಡಿಹೋಗುವುದನ್ನೇ ಒಂದು ಮಾನಸಿಕ ರೋಗವೆಂದು ಕರೆದು ಅದಕ್ಕೆ ಡ್ರಾಪೆಟೋಮೇನಿಯಾ ಎಂದು ಹೆಸರಿಟ್ಟಿದ್ದ. ಇಂಗ್ಲೆಂಡಿನಲ್ಲೂ ಮಾನಸಿಕ ಆರೋಗ್ಯ ಕಾನೂನಿನಡಿ ಬಲವಂತವಾಗಿ ಆಸ್ಪತ್ರೆಯಲ್ಲಿ ಹಿಡಿದಿಡುವವರಲ್ಲಿ ಕಪ್ಪು ಜನರ ಪ್ರಮಾಣ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿಯ ಕಥೆ ಅಲ್ಲಿಯದು, ಅದರ ಹಿಂದಿನ ಗುಲಾಮಗಿರಿಯ ಚರಿತ್ರೆ ಬೇರೆ. ಆದರೂ ನಮ್ಮ ತುರ್ತು ವಿಭಾಗದ ಆ ರಾತ್ರಿಯನ್ನು ಅರ್ಥಮಾಡಿಕೊಳ್ಳಲು ಅದರಿಂದ ನನಗೆ ನೆರವಾಯಿತು. ರೋಗಿ ಬಾಯಿ ಬಿಡುವ ಮುನ್ನವೇ ಅವನಿಗೆ ಏನಾಗಿರಬಹುದು ಎಂದು ತೀರ್ಮಾನವಾಗಿಬಿಡುವುದು ನಮ್ಮ ಮನೆಗೆ ಮಾತ್ರ ಬಂದ ಗತಿಯಲ್ಲ.

ಲಿಥಿಯಂ ಶುರು ಮಾಡುವ ಮುನ್ನ ಮೂತ್ರಪಿಂಡ, ಥೈರಾಯ್ಡ್, ಇಸಿಜಿ ಎಂದು ಪರೀಕ್ಷೆಗಳಾದವು. ಹಾಳೆಯ ಮೇಲೆ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಸದ ಪಕ್ಕದಲ್ಲಿ ಇಜಿಎಫ್‌ಆರ್ ಎಂಬ ಅಂಕಿ ಇತ್ತು, ಮೂತ್ರಪಿಂಡ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂಬ ಅಂದಾಜು. ರಕ್ತದಲ್ಲಿ ಕ್ರಿಯಾಟಿನಿನ್ ಕಡಿಮೆಯಿದ್ದಷ್ಟೂ ಈ ಅಂಕಿ ಏರುತ್ತದೆ. ತಮ್ಮನದು ಬಹಳ ಚೆನ್ನಾಗಿದೆ ಎಂದು ಬಂದಿತ್ತು. ಅದನ್ನು ನೋಡಿದ ಕಿರಿಯ ವೈದ್ಯೆಯೊಬ್ಬರು, ಸ್ನಾತಕೋತ್ತರ ಓದುತ್ತಿದ್ದವರು, ಅವನ ತೋಳು ಹಿಡಿದು ನೋಡಿದರು. “ಅಕ್ಕಾ, ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಇವರು ತಿಂಗಳುಗಟ್ಟಲೆ ಸರಿಯಾಗಿ ಉಂಡಿಲ್ಲ, ಖಂಡ ಕರಗಿದೆ. ಅದಕ್ಕೇ ಅಂಕಿ ಇಷ್ಟು ಚೆಂದ ಕಾಣುತ್ತಿದೆ. ಪೂರ್ತಿ ನಂಬಬೇಡಿ, ಮತ್ತೆ ಮತ್ತೆ ನೋಡುತ್ತಿರೋಣ” ಎಂದರು.

ಇದರ ಹಿಂದೆ ಬಿದ್ದು ಓದಿದಾಗ ತಿಳಿದದ್ದು ನನ್ನನ್ನು ಇನ್ನೂ ಕಾಡುತ್ತಿದೆ. ಅಮೆರಿಕದಲ್ಲಿ ಬಹಳ ವರ್ಷ ಈ ಲೆಕ್ಕದ ಸೂತ್ರದಲ್ಲೇ ಜನಾಂಗಕ್ಕೊಂದು ಗುಣಕವಿತ್ತು. 2009ರ ಸೂತ್ರದಲ್ಲಿ ರೋಗಿ ಕಪ್ಪು ಮನುಷ್ಯನಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಕಪ್ಪು ಜನರ ಮೈಯಲ್ಲಿ ಮಾಂಸಖಂಡ ಹೆಚ್ಚು ಎಂಬ ಊಹೆ ಅದರ ಬೆನ್ನಿಗಿತ್ತು. ಹೀಗಾಗಿ ಒಂದೇ ರಕ್ತಕ್ಕೆ, ಒಂದೇ ವಯಸ್ಸಿಗೆ, ಕಪ್ಪು ರೋಗಿಯ ಮೂತ್ರಪಿಂಡ ಸುಮಾರು ಶೇ. 16ರಷ್ಟು ಹೆಚ್ಚು ಆರೋಗ್ಯವಾಗಿರುವಂತೆ ಕಾಗದದ ಮೇಲೆ ಕಾಣುತ್ತಿತ್ತು. ಎಷ್ಟೋ ಮಂದಿ ತಜ್ಞರನ್ನು ಕಾಣುವುದು ತಡವಾಯಿತು, ಮೂತ್ರಪಿಂಡ ಕಸಿಯ ಸರದಿಗೆ ಹೆಸರು ಸೇರುವುದು ತಡವಾಯಿತು. 2021ರಲ್ಲಿ ಆ ಗುಣಕವಿಲ್ಲದ ಹೊಸ ಸೂತ್ರ ಬಂತು. 2023ರಿಂದ, ಹಳೆಯ ಲೆಕ್ಕದಿಂದ ಹಿಂದೆ ಬಿದ್ದ ಕಪ್ಪು ರೋಗಿಗಳಿಗೆ ಕಸಿಯ ಸರದಿಯಲ್ಲಿ ಕಳೆದುಕೊಂಡ ಕಾಲವನ್ನು ಮರಳಿ ಕೊಡುವ ಕೆಲಸ ಅಲ್ಲಿ ಶುರುವಾಯಿತು. ಗಣಿತದ ಸೂತ್ರಕ್ಕೆ ಮೈಬಣ್ಣ ಸೇರಿಸಬಹುದೆಂದು ವಿದ್ಯಾವಂತರಿಗೆ ಅನ್ನಿಸಿತ್ತು, ಎದುರಿಗಿರುವವನ ತೋಳನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಅನ್ನಿಸಲಿಲ್ಲ. ಆ ಕಿರಿಯ ವೈದ್ಯೆ ನಮ್ಮ ತಮ್ಮನ ತೋಳು ಹಿಡಿದದ್ದು ಎಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ.

ದಿನಕ್ಕೆ 900 ಮಿಲಿಗ್ರಾಂ, ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎರಡು. ಲಿಥಿಯಂನ ಕಷ್ಟವೆಂದರೆ ವಾಸಿ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಬಹಳ ಕಿರಿದು. ರಕ್ತದಲ್ಲಿ ಅದು ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನೊಳಗೆ ಇರಬೇಕು. 1.5 ದಾಟಿದರೆ ಅಪಾಯ. ಅದಕ್ಕೇ ಆಗಾಗ ಮಟ್ಟ ನೋಡಿಸಬೇಕು, ಅದೂ ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆಯೇ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆ ನುಂಗದೆ. ನಮ್ಮ ತಾಲ್ಲೂಕಿನಲ್ಲಿ ಈ ಪರೀಕ್ಷೆ ಸಿಗದ ಕಾರಣ ಬಳ್ಳಾರಿಗೇ ಹೋಗಬೇಕಿತ್ತು. ಬೆಳಗಿನ ಬಸ್ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಬಸ್ ಸಿಕ್ಕರೂ ರಕ್ತ ಕೊಡುವ ಸಾಲು ಹನ್ನೊಂದರವರೆಗೆ ಎಳೆದರೆ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಅಂದು ಹಮಾಲಿಯವನಿಗೆ ಕೂಲಿಯೂ ಇಲ್ಲ. ಇನ್ನೊಂದು ಸಂಗತಿಯನ್ನು ಪ್ರಯೋಗಾಲಯದ ತಂತ್ರಜ್ಞರೊಬ್ಬರು ಹೇಳಿಕೊಟ್ಟರು: ಹಸಿರು ಮುಚ್ಚಳದ ಕೊಳವೆಗಳಲ್ಲಿ ಕೆಲವಕ್ಕೆ ರಕ್ತ ಹೆಪ್ಪುಗಟ್ಟದಿರಲೆಂದು ಲಿಥಿಯಂ ಹೆಪಾರಿನ್ ಸವರಿರುತ್ತಾರೆ, ಅದರಲ್ಲಿ ರಕ್ತ ಹಿಡಿದರೆ ಮಟ್ಟ ಸುಳ್ಳೇ ಏರಿ ಕಾಣುತ್ತದೆ. ಈಗ ಸೂಜಿ ಚುಚ್ಚುವ ಮುನ್ನ ನಾನು ಕೊಳವೆಯ ಬಣ್ಣ ನೋಡುತ್ತೇನೆ.

ಚಳಿಗಾಲದಲ್ಲಿ ಮಟ್ಟ 0.8 ಇತ್ತು. ತಮ್ಮ ಉಂಡ, ಮಲಗಿದ, ಮಿಲ್ಲಿಗೆ ಮರಳಿದ. ಮಕ್ಕಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಓಡಾಡಿಸಿದ. ನಮ್ಮ ಮನೆಯಲ್ಲಿ ಆ ತಿಂಗಳುಗಳು ಹಬ್ಬದಂತಿದ್ದವು.

ಏಪ್ರಿಲ್ ಬಂತು. ಬೇಸಿಗೆ ಭತ್ತದ ಕಟಾವು, ಬಿಸಿಲು ನಲವತ್ತರ ಮೇಲೆ. ತಗಡಿನ ಚಾವಣಿಯ ಕೆಳಗೆ, ಹೊಟ್ಟಿನ ಧೂಳಿನಲ್ಲಿ, ಬೆಳಗಿನಿಂದ ಇಳಿಹೊತ್ತಿನವರೆಗೆ ಚೀಲ ಹೊರುವವನ ಮೈಯಿಂದ ಎಷ್ಟು ಬೆವರು ಹೋಗುತ್ತದೆ ಎಂದು ನೋಡಿದವರಿಗೇ ಗೊತ್ತು. ಅಂಗಿ ಒಣಗಿದ ಮೇಲೆ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿರುತ್ತದೆ. ಸೊಂಟ ನೋವಿಗೆ ಹಮಾಲರೆಲ್ಲ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗುತ್ತಾರೆ, ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ತಮ್ಮನೂ ನುಂಗುತ್ತಿದ್ದ. ಲಿಥಿಯಂ ಜೊತೆ ಅವು ಕೂಡದು ಎಂದು ಚೀಟಿಯಲ್ಲಿ ಬರೆದಿರಲಿಲ್ಲ, ಬಾಯಲ್ಲೂ ಯಾರೂ ಹೇಳಿರಲಿಲ್ಲ.

ಮೊದಲು ಕೈ ನಡುಗಿತು. ಆಮೇಲೆ ವಾಂತಿ, ಭೇದಿ. ಒಂದು ಮಧ್ಯಾಹ್ನ ಮಿಲ್ಲಿನಿಂದ ಅವನನ್ನು ಇಬ್ಬರು ಹಿಡಿದುಕೊಂಡು ಬಂದರು. ಕಾಲು ಎತ್ತೆತ್ತಲೋ ಬೀಳುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಅದನ್ನು ಕಂಡು ಓಣಿಯವರು “ಅಂತೂ ಇವನೂ ಕುಡಿಯಲು ಕಲಿತ” ಎಂದರು. ಕರೆದೊಯ್ದ ಮೊದಲ ಆಸ್ಪತ್ರೆಯಲ್ಲೂ ಅದೇ ಮಾತು! ಎಷ್ಟು ಕುಡಿದಿದ್ದಾನೆ ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇವನು ಲಿಥಿಯಂ ತೆಗೆದುಕೊಳ್ಳುವವನು, ಮಟ್ಟ ನೋಡದೆ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ. ನಾನು ಶಿಕ್ಷಕಿ ಎಂದು ಗೊತ್ತಾದ ಮೇಲೆ ಕುರ್ಚಿ ತೋರಿಸಿದರು, ಬಳ್ಳಾರಿಗೆ ಕಳಿಸಲು ಚೀಟಿ ಬರೆದರು. ಶಿಕ್ಷಕಿಯಲ್ಲದ ಅಕ್ಕ ಹೋಗಿದ್ದರೆ? ಇದನ್ನು ನೆನೆದಾಗ ಈಗಲೂ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಮಟ್ಟ 2.3 ಬಂತು. ಲಿಥಿಯಂ ನಿಲ್ಲಿಸಿ ಸಲೈನ್ ಹಚ್ಚಿದರು. ಡಯಾಲಿಸಿಸ್‌ವರೆಗೆ ಹೋಗಲಿಲ್ಲ. ನಡಿಗೆ ಸರಿಯಾಗಲು ಮಾತ್ರ ದಿನಗಳು ಹಿಡಿದವು.

ಏಕೆ ಹೀಗಾಯಿತು ಎಂಬುದನ್ನು ನಾನೀಗ ಹತ್ತನೇ ತರಗತಿಯ ಮಕ್ಕಳಿಗೂ ಹೇಳುತ್ತೇನೆ. ಆವರ್ತ ಕೋಷ್ಟಕದ ಮೊದಲ ಗುಂಪಿನಲ್ಲಿ ಸೋಡಿಯಂನ ನೇರ ಮೇಲೆ ಲಿಥಿಯಂ ಇದೆ. ಎರಡೂ ಒಂದೇ ಗುಂಪಿನವಾದ್ದರಿಂದ ಮೂತ್ರಪಿಂಡವು ಲಿಥಿಯಂ ಅನ್ನು ಬಹುಮಟ್ಟಿಗೆ ಸೋಡಿಯಂನಂತೆಯೇ ಕಾಣುತ್ತದೆ. ಬೆವರಿ, ಭೇದಿಯಾಗಿ ಮೈಯಲ್ಲಿ ಉಪ್ಪು ನೀರು ಕಡಿಮೆಯಾದಾಗ ಅದು ಸೋಡಿಯಂ ಅನ್ನು ಹೊರಗೆ ಬಿಡದೆ ಒಳಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ನೋವಿನ ಮಾತ್ರೆಗಳೂ ಲಿಥಿಯಂ ಹೊರಹೋಗದಂತೆ ತಡೆಯುತ್ತವೆ. ಚಳಿಗಾಲದಲ್ಲಿ ಹದವಾಗಿದ್ದ ಮೂರು ಮಾತ್ರೆ ಬೇಸಿಗೆಯಲ್ಲಿ ವಿಷವಾಯಿತು. ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವವರಿಗೆ ಇದೇ ಚೀಟಿ ವರ್ಷವಿಡೀ ನಡೆದೀತು. ಅವನಿಗೆ ಕೊಟ್ಟದ್ದು ತಪ್ಪು ಔಷಧಿಯಲ್ಲ, ಬೇರೆ ಯಾರದೋ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಳತೆ.

ವಾರ್ಡಿನಲ್ಲಿ ಆ ಕಿರಿಯ ವೈದ್ಯೆ ಮತ್ತೆ ಸಿಕ್ಕರು. ಮಂಚದ ಪಕ್ಕ ಕುಳಿತು ತಮ್ಮನನ್ನೇ ಕೇಳಿದರು: “ಅಣ್ಣಾ, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ, ಹೇಳಿ.” ಅವನು ಹೇಳಿದ. ಎಲ್ಲಿ ನೀರು ಸಿಗುತ್ತದೆ, ಮಧ್ಯಾಹ್ನ ಏನು ಉಣ್ಣುತ್ತಾನೆ, ಸೊಂಟ ಯಾವಾಗ ನೋಯುತ್ತದೆ, ಏನು ನುಂಗುತ್ತಾನೆ, ಎಲ್ಲವನ್ನೂ ಬರೆದುಕೊಂಡರು. ಅವನ ಕಾಯಿಲೆ ಶುರುವಾದ ಮೇಲೆ ಅವನ ದಿನಚರಿಯನ್ನು ಕೇಳಿದ ಮೊದಲ ವೈದ್ಯರು ಅವರು. ಹಿರಿಯ ವೈದ್ಯರೊಂದಿಗೆ ಚರ್ಚಿಸಿ ಲಿಥಿಯಂ ಅನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಮಾರ್ಚ್ ಮುಗಿಯುವ ಮೊದಲು ಒಮ್ಮೆ, ಬೇಸಿಗೆಯ ನಡುವೆ ಮತ್ತೆ, ಮಟ್ಟ ನೋಡಲೇಬೇಕು ಎಂದರು. ಸೊಂಟ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ವಾಂತಿ ಭೇದಿಯಾದ ದಿನ ಲಿಥಿಯಂ ನುಂಗದೆ ನೇರವಾಗಿ ಆಸ್ಪತ್ರೆಗೆ ಬರಬೇಕು. ಉಪ್ಪು ಬಿಟ್ಟರೆ ಮೈಗೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ಕೇಳಬಾರದು, ದಿನವೂ ಒಂದೇ ಹದದಲ್ಲಿ ಉಪ್ಪಿರಬೇಕು. ಕೆಲಸದ ನಡುವೆ ಮಜ್ಜಿಗೆ ಕುಡಿಯಬೇಕು. ಇವು ನಮಗೆ ಹೇಳಿದ ಮಾತುಗಳು, ಬೇರೆಯವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕೇಳುವುದನ್ನು ಮಾತ್ರ ಬಿಡಬಾರದು. ರಾತ್ರಿ ಹೊತ್ತು ಏನೂ ತೋಚದಿದ್ದಾಗ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

“ದುಡಿಯುವವರ ಮೈ ಗಟ್ಟಿ, ತಡೆದುಕೊಳ್ಳುತ್ತಾರೆ” ಎಂಬ ಮಾತನ್ನು ಈ ಅಲೆದಾಟದಲ್ಲಿ ನಾನು ಹಲವು ಬಾಯಿಗಳಿಂದ ಕೇಳಿದ್ದೇನೆ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳನ್ನೂ ತರಬೇತಿ ವೈದ್ಯರನ್ನೂ ಪ್ರಶ್ನಿಸಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದವರು ಸುಮಾರು ಅರ್ಧದಷ್ಟು ಮಂದಿ. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಅಳೆದರು. ನಮ್ಮಲ್ಲಿ ಯಾರಾದರೂ ಹೀಗೆ ಕೂರಿಸಿ ಪ್ರಶ್ನೆ ಕೇಳಬೇಕು, ಜಾತಿಯ ಬಗ್ಗೆ, ಕೂಲಿಯ ಬಗ್ಗೆ.

ನಮ್ಮ ಜಿಲ್ಲೆಗೆ ಇದರಲ್ಲಿ ವಿಶೇಷ ಹೊಣೆಯಿದೆ ಎಂದು ನಾನು ನಂಬುತ್ತೇನೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸುವುದು ಹೇಗೆಂದು ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ಬಳ್ಳಾರಿಯಲ್ಲೇ, 1985ರಿಂದ 1990ರವರೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಗಳನ್ನು ಊರಿನ ಹತ್ತಿರಕ್ಕೇ ತಂದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ, ಬಳ್ಳಾರಿ ಮಾದರಿ ಎಂದೇ ಅದಕ್ಕೆ ಹೆಸರು. ಹೊರಗಿನವರಿಗೆ ಇದು ಗೊತ್ತು, ನಮ್ಮ ಜಿಲ್ಲೆಯ ಎಷ್ಟೋ ಶಿಕ್ಷಕರಿಗೇ ಗೊತ್ತಿಲ್ಲ. ಮಾತ್ರೆ ಹತ್ತಿರ ಬಂದು ಇಷ್ಟು ವರ್ಷವಾದರೂ ಆ ಮಾತ್ರೆ ವಿಷವಾಗದಂತೆ ಕಾಯುವ ರಕ್ತ ಪರೀಕ್ಷೆಗೆ ನಾವು ಇನ್ನೂ ಬಸ್ ಹತ್ತುತ್ತಿದ್ದೇವೆ.

ಹೀಗಾಗಿ ಲಿಥಿಯಂ ತೆಗೆದುಕೊಳ್ಳುವ ಕೆಲವು ಮನೆಯವರು ಸೇರಿ ಅರ್ಜಿಯೊಂದನ್ನು ಬರೆದೆವು. ಯಂತ್ರ ಕೊಡಿ ಎಂದು ನಾವು ಕೇಳಿಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು, ಸೀರಮ್ (ರಕ್ತದ ತಿಳಿ) ಬೇರ್ಪಡಿಸಿ, ಬಳ್ಳಾರಿಗೆ ಕೊಳವೆಯನ್ನು ಕಳಿಸಲಿ, ರೋಗಿಯ ಕೂಲಿ ಉಳಿಯುತ್ತದೆ, ಹನ್ನೆರಡು ಗಂಟೆಯ ಲೆಕ್ಕವೂ ತಪ್ಪುವುದಿಲ್ಲ ಎಂದು ಬರೆದೆವು. ಚೀಟಿಯಲ್ಲಿ ವಯಸ್ಸು, ಲಿಂಗದ ಪಕ್ಕ ರೋಗಿಯ ಕೆಲಸವೇನು, ಎಲ್ಲಿ ನಿಂತು ಮಾಡುವ ಕೆಲಸ ಎಂಬುದಕ್ಕೂ ಒಂದು ಸಾಲು ಇರಲಿ ಎಂದು ತಮ್ಮನೇ ಸೇರಿಸಿದ. ಅವನಿಗೆ ಬೇಸಿಗೆಯ ಎರಡು ತಿಂಗಳು ಚೀಲ ಹೊಲಿಯುವ ಕೆಲಸ ಕೊಡಲು ಮೇಸ್ತ್ರಿ ಒಪ್ಪಿದ್ದಾನೆ, ಕೂಲಿ ಸ್ವಲ್ಪ ಕಡಿಮೆ. ಅರ್ಜಿ ಈಗ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೇಜಿನ ಮೇಲಿದೆ. ಎಷ್ಟು ಮಂದಿಗೆ ಈ ಪರೀಕ್ಷೆ ಬೇಕು ಎಂಬ ಪಟ್ಟಿ ಕೊಡಿ ಎಂದು ಅವರು ಕೇಳಿದ್ದಾರೆ. ಆಶಾ ಕಾರ್ಯಕರ್ತೆಯೂ ನಾನೂ ಭಾನುವಾರಗಳಂದು ಮನೆಮನೆಗೆ ಹೋಗಿ ಒಪ್ಪಿದವರ ಹೆಸರು ಬರೆದುಕೊಳ್ಳುತ್ತಿದ್ದೇವೆ.